ಜಗಲಿಗೆ ಬಂದ ಎಕ್ಸ್‌ಚೇಂಜ್

ಸಿದ್ದಾಪುರ ತಾಲ್ಲೂಕಿನ ನಮ್ಮ ಮನೆಯ ಜಗಲಿಯಲ್ಲಿ, ಪಂಚಾಂಗ ತೂಗುಹಾಕುವ ಮೊಳೆಯ ಪಕ್ಕದಲ್ಲಿ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಳಿ ಪೆಟ್ಟಿಗೆ ಇದೆ. ಅದರ ಮುಖದ ಮೇಲೆ ನಾಲ್ಕೈದು ಹಸಿರು ದೀಪಗಳು ಮಿನುಗುತ್ತಿರುತ್ತವೆ. ಸಂಜೆ ದೇವರ ಮುಂದೆ ದೀಪ ಹಚ್ಚಿ ಹೊರಗೆ ಬರುವ ಆಯಿ ಮೊದಲು ನೋಡುವುದು ಈ ದೀಪಗಳನ್ನು. ಅವುಗಳಲ್ಲಿ ಒಂದು ಕೆಂಪಗಾಗಿದ್ದರೆ ಪೆಟ್ಟಿಗೆಗೆ ಇಂಟರ್ನೆಟ್ ತರುವ ಫೈಬರ್ ಎಂಬ ಗಾಜಿನ ಎಳೆ ಎಲ್ಲೋ ತುಂಡಾಗಿದೆ ಎಂದರ್ಥ, ಅಂದರೆ ಸ್ಟಾಕ್‌ಹೋಮಿನಲ್ಲಿರುವ ನನ್ನ ತಂಗಿಯ ಜೊತೆ ಆ ದಿನ ಮಾತಿಲ್ಲ. ಎಪ್ಪತ್ತು ದಾಟಿದ ಆಯಿಗೆ ಇದನ್ನು ಯಾರೂ ಕುಳ್ಳಿರಿಸಿ ಹೇಳಿಕೊಟ್ಟಿದ್ದಲ್ಲ. ಮಗಳ ದನಿ ಬಂದ ದಿನ ಮತ್ತು ಬಾರದ ದಿನ ಪೆಟ್ಟಿಗೆ ಹೇಗಿತ್ತು ಎಂಬುದನ್ನು ನೋಡಿ ನೋಡಿ ಅವಳೇ ಕಲಿತದ್ದು.

ನಮ್ಮ ಮನೆ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿದೆ. ಸುತ್ತ ಅಡಿಕೆ ತೋಟ, ಅದರಾಚೆ ಸೊಪ್ಪಿನ ಬೆಟ್ಟ. ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಬೇಕಾದರೆ ಈಗಲೂ ಗುಡ್ಡ ಹತ್ತಿ ಗೇರುಮರದ ಬುಡದಲ್ಲಿ ನಿಲ್ಲಬೇಕು. ಆದರೂ ನಮ್ಮದು ಫೋನಿಲ್ಲದ ಮನೆಯಾಗಿರಲಿಲ್ಲ. ತೊಂಬತ್ತರ ದಶಕದಲ್ಲಿಯೇ ಸ್ಥಿರ ದೂರವಾಣಿ ಬಂದಿತ್ತು. ಗುಡುಗು ಕೇಳಿಸಿದ ಕೂಡಲೇ ಅದರ ತಂತಿ ಕಿತ್ತಿಡುವುದು ಮಕ್ಕಳಾದ ನಮ್ಮ ಕೆಲಸ. ಅದನ್ನು ಮರೆತು ಸೆಟ್ ಸುಟ್ಟುಹೋದ ಮನೆಗಳು ಊರಿನಲ್ಲಿ ಹಲವಿದ್ದವು. ಆದರೆ ಆ ಫೋನಿನ ಒಂದು ಗುಣವನ್ನು ಅದು ಇರುವಷ್ಟು ದಿನವೂ ನಾವು ಗಮನಿಸಿರಲಿಲ್ಲ. ಆಷಾಢದಲ್ಲಿ ಮರ ಬಿದ್ದು ಕಂಬ ಮುರಿದು ಮೂರು ಮೂರು ದಿನ ಕರೆಂಟು ಇಲ್ಲದಿದ್ದಾಗಲೂ ಅದರ ರಿಸೀವರ್ ಎತ್ತಿದರೆ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿತ್ತು. ಏಕೆಂದರೆ ಅದಕ್ಕೆ ಬೇಕಾದ ವಿದ್ಯುತ್ತು ನಮ್ಮ ಮನೆಯದಾಗಿರಲಿಲ್ಲ. ಊರೂರಿನ ಫೋನ್ ತಂತಿಗಳು ಹೋಗಿ ಸೇರುವ ದೂರದ ಎಕ್ಸ್‌ಚೇಂಜಿನಲ್ಲಿ ಸಾಲಾಗಿ ಜೋಡಿಸಿಟ್ಟ ಬ್ಯಾಟರಿಗಳಿಂದ 48 ವೋಲ್ಟಿನ ವಿದ್ಯುತ್ತು ಮಾತು ಹರಿಯುವ ಅದೇ ಜೋಡಿ ತಾಮ್ರದ ತಂತಿಯಲ್ಲಿ ನಮ್ಮ ಜಗಲಿಯವರೆಗೂ ಬರುತ್ತಿತ್ತು. ಬ್ಯಾಟರಿಗೆ ನೀರು ಹಾಕುವವರು, ಜನರೇಟರ್ ಶುರು ಮಾಡುವವರು, ಕಂಬ ಹತ್ತುವವರು ಎಲ್ಲರೂ ಅಲ್ಲಿನವರು. ನಮ್ಮ ಪಾಲಿನ ಕೆಲಸ ರಿಸೀವರ್ ಎತ್ತುವುದು ಮತ್ತು ಬಿಲ್ಲು ಕಟ್ಟುವುದು, ಇವೆರಡೇ.

ಇಂದು ಮೊಬೈಲಿನಿಂದ ಇಂಟರ್ನೆಟ್ಟಿನ ಮೂಲಕ ಮಾಡುವ ಕರೆಯನ್ನು ನಾವು ‘ಪುಕ್ಕಟೆ ಕರೆ’ ಎನ್ನುತ್ತೇವೆ. ಹಣದ ಲೆಕ್ಕದಲ್ಲಿ ಅದು ಬಹುಮಟ್ಟಿಗೆ ನಿಜ. ಆದರೆ ಎಕ್ಸ್‌ಚೇಂಜಿನವರು ನಮಗೆ ಕಾಣದಂತೆ ಮಾಡುತ್ತಿದ್ದ ಕೆಲಸಗಳು ಇಲ್ಲದಾಗಲಿಲ್ಲ. ಅವು ಒಂದೊಂದಾಗಿ ನಮ್ಮ ಮನೆಯೊಳಗೆ ಬಂದು ಕುಳಿತವು. ಈ ಮಾತು ನನಗೆ ಹೊಳೆಯಲು ಹಲವು ವರ್ಷ ಬೇಕಾದವು, ಒಂದು ಕೆಟ್ಟ ರಾತ್ರಿಯೂ ಬೇಕಾಯಿತು.

ತಂಗಿ ಓದಲೆಂದು ಸ್ವೀಡನ್ನಿಗೆ ಹೋದದ್ದು 2009ರಲ್ಲಿ. ಇಂಟರ್ನೆಟ್ ಮೂಲಕ ಮಾತನಾಡುವ ವಿದ್ಯೆ ಆಗಲೇ ಹಳತಾಗಿತ್ತು. 1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಕಂಪನಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತನಾಡುವ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತ್ತು. 2003ರಲ್ಲಿ ಸ್ಕೈಪ್ ಬಂದು ಅದನ್ನು ಮನೆಮಾತು ಮಾಡಿತು. ನಮ್ಮ ದೇಶದಲ್ಲಿ ಇಂಟರ್ನೆಟ್ ದೂರವಾಣಿಗೆ ಮೊದಲು ನಿಷೇಧವೇ ಇತ್ತು. 2002ರ ಏಪ್ರಿಲ್ 1ರಿಂದ ಕೆಲವು ಕಟ್ಟುಪಾಡುಗಳೊಂದಿಗೆ ಅದಕ್ಕೆ ಅನುಮತಿ ಸಿಕ್ಕಿತು. ಶಿರಸಿಯ ಸೈಬರ್ ಕೆಫೆಯೊಂದರಲ್ಲಿ ಅಪ್ಪಯ್ಯನ ತಲೆಗೆ ಹೆಡ್‌ಫೋನ್ ತೊಡಿಸಿ ತಂಗಿಯ ಜೊತೆ ಮಾತನಾಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಆಯಿ, ಕನ್ನಡಿಯಲ್ಲಿ ಕಾಣುವಷ್ಟೇ ಹತ್ತಿರದಲ್ಲಿ ಮಗಳ ಮುಖವನ್ನು ನೋಡಿ, ಮಾತನಾಡುವುದನ್ನು ಬಿಟ್ಟು ಪರದೆಯನ್ನು ಸೆರಗಿನಿಂದ ಒರೆಸಿದ್ದಳು. ಆ ಕರೆಗಾಗಿ ಬಸ್ಸು ಹಿಡಿದು ಹೋಗಿ ಬರಲು ನಮಗೆ ಇಡೀ ದಿನ ಬೇಕಾಗಿತ್ತು. ಸಾವಿರಾರು ಮೈಲಿಯನ್ನು ಕಣ್ಣೆದುರಿಗೆ ತಂದ ಸ್ಕೈಪ್ ಸೇವೆಯನ್ನು 2025ರ ಮೇ ತಿಂಗಳಿನಲ್ಲಿ ಮುಚ್ಚಿದರು. ಆ ಸುದ್ದಿ ಓದಿದಾಗ ನನಗೆ ಪಿಚ್ಚೆನಿಸಿತು.

ನಂತರ ಮೊಬೈಲ್ ಆ ಜಾಗಕ್ಕೆ ಬಂತು. ವಾಟ್ಸಾಪಿನಲ್ಲಿ ಧ್ವನಿಕರೆ 2015ರಲ್ಲಿ ಎಲ್ಲರಿಗೂ ತೆರೆಯಿತು, 2016ರ ನವೆಂಬರಿನಲ್ಲಿ ವಿಡಿಯೋ ಕರೆ ಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾದ ಬೆಲೆ ನೆಲಕ್ಕಿಳಿಯಿತು. ಪೇಟೆಯಲ್ಲಿದ್ದವರಿಗೆ ಇದೆಲ್ಲ ಒಂದರ ಹಿಂದೊಂದು ಸಲೀಸಾಗಿ ಒದಗಿತು. ನಮ್ಮೂರಿನಂಥ ಊರುಗಳಿಗೆ ಮಾತ್ರ ಸುದ್ದಿ ಬಂತು, ಸಿಗ್ನಲ್ ಬರಲಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಗುಡ್ಡದ ಮೇಲೆ ತಾಡಪತ್ರಿ ಕಟ್ಟಿಕೊಂಡು, ಕೊಡೆ ಹಿಡಿದುಕೊಂಡು ಪಾಠ ಕೇಳಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಇಷ್ಟರ ನಡುವೆ ರಸ್ತೆ ಅಗಲ ಮಾಡುವಾಗ ನೆಲದಡಿಯ ತಾಮ್ರದ ಕೇಬಲ್ ಕಡಿದುಹೋಗಿ ನಮ್ಮ ಸ್ಥಿರ ದೂರವಾಣಿ ಸತ್ತಿತು. ಅದನ್ನು ಯಾರೂ ಮತ್ತೆ ಜೋಡಿಸಲಿಲ್ಲ. ಒಂದು ವರ್ಷದ ಮೇಲೆ ಕರೆಂಟಿನ ಕಂಬದಿಂದ ಕಂಬಕ್ಕೆ, ಕಂಬವಿಲ್ಲದಲ್ಲಿ ಮರದಿಂದ ಮರಕ್ಕೆ ಕಟ್ಟಿಕೊಂಡು ಕಪ್ಪು ಫೈಬರ್ ಕೇಬಲ್ ಬಂತು. ಜಗಲಿಯಲ್ಲಿ ಬಿಳಿ ಪೆಟ್ಟಿಗೆ ಕುಳಿತಿತು. ಆಯಿಯ ಕೈಗೆ ಮೊಬೈಲ್ ಬಂತು.

ಮೊದಲ ವಾರವೇ ತೊಡಕು ಶುರುವಾಯಿತು. ತೊಡಕಿದ್ದದ್ದು ದನಿಯ ಸ್ಪಷ್ಟತೆಯಲ್ಲಲ್ಲ, ಹಳೆಯ ಫೋನಿಗಿಂತ ದನಿ ಎಷ್ಟೋ ಚೆನ್ನಾಗಿತ್ತು. ಆದರೆ ಆಯಿ ಮತ್ತು ತಂಗಿ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಿದ್ದರು. “ಊಟ ಆತನೇ ಕೂಸೇ?” ಎಂದು ಆಯಿ ಕೇಳುವಳು. ಅತ್ತಲಿಂದ ಉತ್ತರ ಬರುವುದು ಒಂದು ಚೂರು ತಡವಾಗುವುದು. ಮಗಳಿಗೆ ಕೇಳಿಸಲಿಲ್ಲವೆಂದುಕೊಂಡು ಆಯಿ ಮತ್ತೆ “ಊಟ ಆತನೇ?” ಎನ್ನುವಷ್ಟರಲ್ಲಿ “ಆತು ಆಯಿ” ಎಂಬ ಉತ್ತರ ಅದಕ್ಕೆ ಡಿಕ್ಕಿ ಹೊಡೆಯುವುದು. ಇಬ್ಬರೂ ಒಟ್ಟಿಗೆ ಸುಮ್ಮನಾಗುವರು, ಇಬ್ಬರೂ ಒಟ್ಟಿಗೆ ಮತ್ತೆ ಶುರು ಮಾಡುವರು. ಹತ್ತು ನಿಮಿಷ ಹೀಗೆ ನಡೆದರೆ ಆಯಿ ಫೋನನ್ನು ಅಪ್ಪಯ್ಯನ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದಳು. “ಅವಳಿಗೆ ನನ್ನ ಮಾತು ಬ್ಯಾಡಾಯ್ದು” ಎಂದು ಒಮ್ಮೆ ಹೇಳಿದ್ದು ಕೇಳಿ ನನಗೆ ನಿದ್ದೆ ಬರಲಿಲ್ಲ. ತಾಯಿ ಮಗಳ ನಡುವೆ ಹುಟ್ಟುತ್ತಿದ್ದ ಆ ಮುನಿಸಿಗೆ ಕಾರಣ ಅವರಿಬ್ಬರಲ್ಲಿ ಯಾರಲ್ಲೂ ಇರಲಿಲ್ಲ.

ಕಾರಣ ಹುಡುಕಲು ಕುಳಿತಾಗ ಈ ಕರೆ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲ ಸಲ ಸರಿಯಾಗಿ ತಿಳಿದುಕೊಂಡೆ. ಹಳೆಯ ದೂರವಾಣಿಯಲ್ಲಿ ಒಂದು ಕರೆಗಾಗಿ ಒಂದು ದಾರಿಯನ್ನೇ ಮೀಸಲಿಡುತ್ತಿದ್ದರು. ಮಾತನಾಡಿದರೂ ಸುಮ್ಮನಿದ್ದರೂ ಕರೆ ಮುಗಿಯುವವರೆಗೆ ಆ ದಾರಿ ನಮ್ಮದು. ಇಂಟರ್ನೆಟ್ಟಿನಲ್ಲಿ ಹಾಗಿಲ್ಲ. ಮೊಬೈಲ್ ನಮ್ಮ ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸುತ್ತದೆ, ಅಂದರೆ ಸೆಕೆಂಡಿಗೆ 50 ತುಣುಕು. ಒಂದೊಂದನ್ನೂ ಹಿಂಡಿ ಚಿಕ್ಕದು ಮಾಡಿ, ಮೇಲೆ ವಿಳಾಸ ಬರೆದು, ಪ್ಯಾಕೆಟ್ಟಾಗಿ ಹೊರಗೆ ಬಿಡುತ್ತದೆ. ಹಳೆಯ ಡಿಜಿಟಲ್ ಎಕ್ಸ್‌ಚೇಂಜುಗಳು ಸೆಕೆಂಡಿಗೆ 8,000 ಸಲ ದನಿಯನ್ನು ಅಳೆದು 64 ಕಿಲೋಬಿಟ್ ಬಳಸುತ್ತಿದ್ದರೆ, ದನಿಯನ್ನು ಹಿಂಡಲು 2012ರಲ್ಲಿ ಪ್ರಮಾಣೀಕೃತವಾದ ಓಪಸ್ ಎಂಬ ವಿಧಾನಕ್ಕೆ ಅದರ ಅರ್ಧಕ್ಕೂ ಕಡಿಮೆ ಸಾಕು. 24 ಕಿಲೋಬಿಟ್ ಎಂದಿಟ್ಟುಕೊಂಡರೆ ಪ್ರತಿ ತುಣುಕಿನಲ್ಲಿ 60 ಬೈಟ್ ಮಾತು, ಅದರ ಮೇಲಿನ ವಿಳಾಸದ ಭಾರವೇ 40 ಬೈಟ್! ಎರಡೂ ಕಡೆಯ ಮಾತು ಸೇರಿ ಗಂಟೆಗೆ ಸುಮಾರು 36 ಮೆಗಾಬೈಟ್ ಆಗುತ್ತದೆ. ಈಗಿನ ದಿನಗಳಲ್ಲಿ ಅದು ಲೆಕ್ಕಕ್ಕೇ ಇಲ್ಲದಷ್ಟು ಸಣ್ಣ ಮೊತ್ತ. ಆದ್ದರಿಂದ ‘ನೆಟ್ ಸ್ಪೀಡ್ ಹೆಚ್ಚಿಸಿಕೊಳ್ಳಿ, ಕರೆ ಸರಿಹೋಗುತ್ತದೆ’ ಎಂದು ಹೇಳುವವರ ಮಾತು ಬಹಳ ಸಲ ತಪ್ಪು. ಮಾತಿಗೆ ಬೇಕಾದದ್ದು ಅಗಲವಾದ ದಾರಿಯಲ್ಲ, ತಡವಿಲ್ಲದ ದಾರಿ.

ಈ ತಡ ಹಲವು ಕಡೆ ಸೇರಿಕೊಳ್ಳುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕಡಲಡಿಯ ಕೇಬಲಿನಲ್ಲಿ 10,000 ಕಿಲೋಮೀಟರ್ ದಾಟಲು 50 ಮಿಲಿಸೆಕೆಂಡ್ ಬೇಕೇ ಬೇಕು, ಇದನ್ನು ಯಾವ ಕಂಪನಿಯೂ ಕಡಿಮೆ ಮಾಡಲಾರದು. ಅದಕ್ಕೆ ತುಣುಕು ಕತ್ತರಿಸುವ ಹೊತ್ತು, ವೈಫೈಯಲ್ಲಿ ಸರದಿ ಕಾಯುವ ಹೊತ್ತು ಸೇರುತ್ತದೆ. ಪ್ಯಾಕೆಟ್ಟುಗಳು ಒಂದೇ ನಡಿಗೆಯಲ್ಲಿ ಬರುವುದಿಲ್ಲ, ಕೆಲವು ಬೇಗ, ಕೆಲವು ತಡ. ಅವನ್ನು ಸಾಲಾಗಿ ನಿಲ್ಲಿಸಿ ಸಮನಾಗಿ ಹೊರಡಿಸಲು ಆ ಕಡೆಯ ಮೊಬೈಲ್ ಇನ್ನಷ್ಟು ಹೊತ್ತು ಕಾಯುತ್ತದೆ. ತೀರಾ ತಡವಾಗಿ ಬಂದದ್ದನ್ನು ಎಸೆದುಬಿಟ್ಟು, ಆ ಖಾಲಿ ಜಾಗವನ್ನು ಹಿಂದಿನ ತುಣುಕನ್ನೇ ಎಳೆದು ತುಂಬುತ್ತದೆ. ಕೆಲವೊಮ್ಮೆ ನಮ್ಮವರ ದನಿ ಯಂತ್ರದ ದನಿಯಂತೆ ಕೇಳಿಸುವುದು ಹೀಗೆ ತೇಪೆ ಹಾಕಿದ ಕಡೆಗಳಲ್ಲಿ. ಒಂದು ಬದಿಯ ಒಟ್ಟು ತಡ 150 ಮಿಲಿಸೆಕೆಂಡಿನೊಳಗಿದ್ದರೆ ಮಾತುಕತೆಗೆ ತೊಂದರೆಯಿಲ್ಲ ಎನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ. ಎದುರುಬದುರು ಕುಳಿತ ಇಬ್ಬರ ನಡುವೆ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಮೌನ ಸುಮಾರು 200 ಮಿಲಿಸೆಕೆಂಡ್ ಮಾತ್ರ ಎಂದು ಭಾಷಾವಿಜ್ಞಾನಿಗಳು ಹಲವು ಭಾಷೆಗಳಲ್ಲಿ ಅಳೆದು ತೋರಿಸಿದ್ದಾರೆ. ಅಂದರೆ ಹೋಗುವ ತಡ, ಬರುವ ತಡ ಎರಡೂ ಸೇರಿದರೆ, ಆಯಿಯ ಜೀವಮಾನದ ರೂಢಿಯ ಪ್ರಕಾರ ಉತ್ತರ ಬರಬೇಕಾದ ಕ್ಷಣ ಆಗಲೇ ದಾಟಿಹೋಗಿರುತ್ತದೆ. ಉತ್ತರ ಇನ್ನೂ ಕಡಲಡಿಯಲ್ಲಿರುತ್ತದೆ.

ನಾನು ಆಯಿಗೆ ಈ ಲೆಕ್ಕ ಹೇಳಲಿಲ್ಲ. “ಆಯಿ, ಕೇಳಿದ ಮೇಲೆ ಒಂದು ಎಲೆಗೆ ಸುಣ್ಣ ತೀಡುವಷ್ಟು ಹೊತ್ತು ಸುಮ್ಮನಿರು” ಎಂದೆ. ಅವಳು ನಿಜವಾಗಿಯೂ ಕವಳದ ಬಟ್ಟಲನ್ನು ಪಕ್ಕಕ್ಕಿಟ್ಟುಕೊಂಡು ಕೂರಲು ಶುರು ಮಾಡಿದಳು. ಪ್ರಶ್ನೆ ಕೇಳುವಳು, ಎಲೆಯ ತೊಟ್ಟು ಮುರಿಯುವಳು, ಉತ್ತರ ಬರುವುದು. ಇನ್ನೊಂದು ಕೇಳುವಳು, ಬೆನ್ನ ಮೇಲೆ ಸುಣ್ಣ ತೀಡುವಳು, ಉತ್ತರ ಬರುವುದು. ವಾರ ಕಳೆಯುವಷ್ಟರಲ್ಲಿ ಡಿಕ್ಕಿ ನಿಂತಿತು. ಪೆಟ್ಟಿಗೆಯನ್ನು ಜಗಲಿಯ ಮೂಲೆಯಿಂದ ನಡುಗೋಡೆಗೆ ಸರಿಸಿದೆ, ಏಕೆಂದರೆ ನಮ್ಮ ಮನೆಯ ಮಣ್ಣಿನ ದಪ್ಪ ಗೋಡೆಗಳು ವೈಫೈಯನ್ನು ನುಂಗುತ್ತಿದ್ದವು. ಅಡುಗೆಮನೆಯಿಂದ ಮಾತನಾಡುವಾಗ ದನಿ ಕಡಿಯುತ್ತಿದ್ದುದೂ ಅದರಿಂದ ನಿಂತಿತು. 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ, ಜೆಡ್ಡಾದ ಹತ್ತಿರ, ಕಡಲಡಿಯ ಕೇಬಲುಗಳು ತುಂಡಾಗಿ ಭಾರತದಿಂದ ಯುರೋಪಿಗೆ ಹೋಗುವ ಸಂಪರ್ಕ ನಿಧಾನವಾದ ಸುದ್ದಿ ಬಂದಾಗ ನಾನು ಮನೆಗೆ ಫೋನು ಮಾಡಿ ಮೊದಲು ಹೇಳಿದ್ದು, ಸ್ವಲ್ಪ ದಿನ ಎರಡು ಎಲೆಯಷ್ಟು ಕಾಯಬೇಕಾದೀತು ಎಂದು.

ಮಳೆಯ ವಿಷಯವನ್ನು ಇಲ್ಲಿ ಹೇಳಬೇಕು. ತಂಗಿಗೆ ಊರಿನ ಮಳೆಯ ಸದ್ದು ಕೇಳುವ ಆಸೆ. ಹಂಚಿನ ಮಾಡಿನ ಮೇಲೆ ಬೀಳುವ ಆಷಾಢದ ಮಳೆ ಹೇಗಿರುತ್ತದೆಂದರೆ, ಒಳಗಿದ್ದವರು ಒಬ್ಬರಿಗೊಬ್ಬರು ಕೂಗಿ ಹೇಳಬೇಕು. “ಆಯಿ, ಫೋನನ್ನು ಅಂಗಳದ ಕಡೆ ಹಿಡಿ” ಎಂದಳು ಒಂದು ಸಂಜೆ. ಆಯಿ ಹಿಡಿದಳು. “ಏನೂ ಕೇಳ್ತಿಲ್ಲೆ” ಎಂದಳು ತಂಗಿ. ಆಯಿ ಮೆಟ್ಟಿಲಿಳಿದು ಸೂರಿನಂಚಿಗೆ ಹೋಗಿ, ಮಾಡಿನ ನೀರು ಧಾರೆಯಾಗಿ ಬೀಳುವಲ್ಲಿ ಕೈ ಚಾಚಿ ಹಿಡಿದಳು. ಆಗಲೂ ತಂಗಿಗೆ ಕೇಳಿಸಿದ್ದು ಮೊದಲ ಅರೆಕ್ಷಣದ ಒಂದು ಮೊರೆತ, ಆಮೇಲೆ ಬಾವಿಯೊಳಗಿನಂಥ ಮೌನ. ಇಂಥ ಕರೆಗಳ ತಂತ್ರಾಂಶ ಮನುಷ್ಯರ ಮಾತನ್ನು ಉಳಿಸಿಕೊಂಡು, ಒಂದೇ ಸಮನೆ ಬರುವ ಸದ್ದನ್ನು ಬೇಡದ ಗದ್ದಲವೆಂದು ಗುರುತಿಸಿ ಅಳಿಸುತ್ತದೆ. ಫ್ಯಾನಿನ ಸದ್ದು, ರಸ್ತೆಯ ಸದ್ದು, ಮಳೆಯ ಸದ್ದು, ಅದರ ಪಾಲಿಗೆ ಎಲ್ಲ ಒಂದೇ. ಪೇಟೆಯ ಗಲಾಟೆಯಲ್ಲಿ ನಿಂತು ಮಾತನಾಡುವವರಿಗೆ ಇದು ದೊಡ್ಡ ಉಪಕಾರ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಗಳು ಕೇಳಿದ್ದು ಮಳೆಯನ್ನೇ ಆಗಿದ್ದಾಗ, ಯಾವುದು ಮಾತು, ಯಾವುದು ಗದ್ದಲ ಎಂದು ತೀರ್ಮಾನಿಸುವ ಅಧಿಕಾರ ಆಯಿಯ ಕೈಯಲ್ಲಿರಬೇಕಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಹಳೆಯ ತಾಮ್ರದ ತಂತಿಗೆ ಈ ವಿವೇಚನೆ ಇರಲಿಲ್ಲ. ಕೊಟ್ಟಿಗೆಯ ದನ ಕೂಗಿದರೂ ಅದು ಅತ್ತ ಮುಟ್ಟಿಸುತ್ತಿತ್ತು.

ಕೆಟ್ಟ ರಾತ್ರಿ ಬಂದದ್ದು ಅದರ ಮುಂದಿನ ವರ್ಷದ ಜುಲೈ ತಿಂಗಳಿನಲ್ಲಿ. ಸಂಜೆಯೇ ಕರೆಂಟು ಹೋಗಿತ್ತು. ಮನೆಯ ಇನ್ವರ್ಟರಿನ ಬ್ಯಾಟರಿ ಹಳತಾಗಿದ್ದು, ಒಂಬತ್ತು ಗಂಟೆಗೆ ಅದೂ ಕೈಬಿಟ್ಟಿತು. ಬಿಳಿ ಪೆಟ್ಟಿಗೆಯ ದೀಪಗಳು ಆರಿದವು. ರಾತ್ರಿ ಎರಡರ ಹೊತ್ತಿಗೆ ಅಪ್ಪಯ್ಯನಿಗೆ ಉಸಿರಾಟದ ತೊಂದರೆ ಶುರುವಾಯಿತು. ಆಯಿ ಮೊಬೈಲ್ ತೆಗೆದು, ತನಗೆ ಗೊತ್ತಿದ್ದ ಒಂದೇ ವಿಧಾನದಂತೆ, ವಾಟ್ಸಾಪಿನಲ್ಲಿ ನನ್ನ ಚಿತ್ರವನ್ನು ಒತ್ತಿದಳು. ಅದು ಹೋಗಲಿಲ್ಲ. ತಂಗಿಯದನ್ನು ಒತ್ತಿದಳು, ಅದೂ ಹೋಗಲಿಲ್ಲ. ಕೊನೆಗೆ ಟಾರ್ಚು ಹಿಡಿದು, ತೋಟದ ಸಂಕ ದಾಟಿ, ಜೀಪು ಇಟ್ಟುಕೊಂಡಿದ್ದ ನೆರೆಮನೆಯವರನ್ನು ಆ ಮಳೆಯಲ್ಲಿ ಕೂಗಿ ಎಬ್ಬಿಸಿದಳು. ಅಪ್ಪಯ್ಯ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದರು. ನನಗೆ ವಿಷಯ ತಿಳಿದದ್ದು ಬೆಳಗ್ಗೆ ಆರೂವರೆಗೆ, ಆಸ್ಪತ್ರೆಯ ಬಾಗಿಲಿನಿಂದ. ಬೆಂಗಳೂರಿನ ನನ್ನ ಮನೆಯಲ್ಲಿ ಆ ರಾತ್ರಿ ಇಡೀ ಮೊಬೈಲ್ ತಲೆದಿಂಬಿನ ಪಕ್ಕದಲ್ಲೇ ಇತ್ತು, ನಾಲ್ಕು ಕಡ್ಡಿಯೂ ತುಂಬಿತ್ತು.

ಆಗಲೇ ಹಳೆಯ ಫೋನಿನ ‘ಗುಂಯ್’ ಎಂಬ ಸದ್ದು ನನಗೆ ನೆನಪಾದದ್ದು. ಗಾಜಿನ ಎಳೆ ಬೆಳಕನ್ನು ತರುತ್ತದೆ, ವಿದ್ಯುತ್ತನ್ನು ತರುವುದಿಲ್ಲ. ಫೈಬರ್ ಹಾಕಿದ ದಿನ ಇದನ್ನು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆ ನಮ್ಮ ಜಗಲಿಗೆ ಬಂದಿತ್ತು, ಆದರೆ ಬ್ಯಾಟರಿ ಬಂದಿರಲಿಲ್ಲ. ಮರುವಾರವೇ ಪೆಟ್ಟಿಗೆಗಾಗಿಯೇ ಬೇರೆ ಬ್ಯಾಟರಿ ತಂದಿಟ್ಟೆ. ಪೆಟ್ಟಿಗೆ ಎಳೆಯುವುದು ಹೆಚ್ಚೆಂದರೆ 12 ವ್ಯಾಟ್. 12 ವೋಲ್ಟಿನ, 7 ಆಂಪಿಯರ್-ಗಂಟೆಯ ಒಂದು ಸಣ್ಣ ಬ್ಯಾಟರಿಯಲ್ಲಿರುವುದು 84 ವ್ಯಾಟ್-ಗಂಟೆ, ಅಂದರೆ ಹೊಸದಾಗಿದ್ದಾಗ ಆರೇಳು ಗಂಟೆ. ನಾನು ಅಂಥವು ಎರಡನ್ನು ಜೋಡಿಸಿದೆ. ವರ್ಷಕ್ಕೊಮ್ಮೆ, ಮಿರ್ಗದ ಮಳೆ ಹಿಡಿಯುವ ಮೊದಲು, ಊರಿಗೆ ಹೋದಾಗ ಮೇನ್ ಸ್ವಿಚ್ ಆರಿಸಿ ಎಷ್ಟು ಹೊತ್ತು ಬರುತ್ತದೆಂದು ಗಡಿಯಾರ ನೋಡಿಕೊಂಡು ಪರೀಕ್ಷಿಸುತ್ತೇನೆ. ಊರಿನಲ್ಲಿ ವಯಸ್ಸಾದವರಿದ್ದು ಹೊರಗೆ ಮಕ್ಕಳಿರುವ ಪ್ರತಿ ಮನೆಯವರೂ ಇದನ್ನು ಮಾಡಬೇಕು ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ವಾಟ್ಸಾಪಿನಂಥ ಆಪಿನಿಂದ ಆಪ್ ಇರುವವರಿಗೆ ಮಾತ್ರ ಕರೆ ಹೋಗುತ್ತದೆ. ಆಂಬುಲೆನ್ಸಿನ 108, ತುರ್ತು ಸೇವೆಯ 112 ಅದರಿಂದ ಸಿಗುವುದಿಲ್ಲ. ಆದರೆ 2019ರ ಕೊನೆಯಿಂದ ನಮ್ಮ ದೇಶದ ಮೊಬೈಲ್ ಕಂಪನಿಗಳು ‘ವೈಫೈ ಕಾಲಿಂಗ್’ ಎಂಬ ಬೇರೆಯದೇ ಸೌಲಭ್ಯವನ್ನು ಕೊಡುತ್ತಿವೆ. ಅದರಲ್ಲಿ ಟವರ್ ಇಲ್ಲದಿದ್ದರೂ ಮನೆಯ ವೈಫೈ ಮೂಲಕ ನಮ್ಮ ಮಾಮೂಲಿ ನಂಬರಿನಿಂದಲೇ ಮಾಮೂಲಿ ಫೋನಿಗೆ ಕರೆ ಹೋಗುತ್ತದೆ, ಬರುತ್ತದೆ. ಆಪ್ ಏನೂ ಬೇಡ, ಸೆಟ್ಟಿಂಗಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು. ಅದು ಆಯಿಯ ಮೊಬೈಲಿನಲ್ಲಿ ಎರಡು ವರ್ಷದಿಂದ ಆಫ್ ಆಗಿಯೇ ಇತ್ತು! ಅದನ್ನು ಹೊತ್ತಿಸಿದ ದಿನ, ಸಾಗರದ ಸೋದರಮಾವ, ಸ್ಮಾರ್ಟ್‌ಫೋನನ್ನು ಮುಟ್ಟದವರು, ತಮ್ಮ ಗುಂಡಿ ಫೋನಿನಿಂದ ಅಕ್ಕನ ಜೊತೆ ಒಂದು ಗಂಟೆ ಮಾತನಾಡಿದರು.

ಈ ಕರೆಗಳ ಸ್ವಾತಂತ್ರ್ಯ ತಾನಾಗಿ ಬಂದದ್ದಲ್ಲ ಎಂಬುದನ್ನೂ ನೆನೆಯಬೇಕು. 2014ರ ಡಿಸೆಂಬರಿನಲ್ಲಿ ದೂರಸಂಪರ್ಕ ಕಂಪನಿಯೊಂದು ಇಂಟರ್ನೆಟ್ ಕರೆಗೆ ಬೇರೆ ಡೇಟಾ ದರ ವಿಧಿಸುವುದಾಗಿ ಘೋಷಿಸಿ, ಜನರ ವಿರೋಧ ಕಂಡು ಹಿಂದೆಗೆಯಿತು. ಮರುವರ್ಷ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಿಂಚಂಚೆಗಳು ಹೋದವು. ಬಳಸುವ ಸೇವೆಯನ್ನು ನೋಡಿ ಡೇಟಾಗೆ ಬೇರೆ ಬೇರೆ ಬೆಲೆ ಕಟ್ಟಬಾರದು ಎಂಬ ನಿಯಮವನ್ನು ಪ್ರಾಧಿಕಾರ 2016ರ ಫೆಬ್ರವರಿಯಲ್ಲಿ ಹೊರಡಿಸಿತು. ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ನಮ್ಮ ಜಿಲ್ಲೆಯವರೇ ಆದ ಭಟ್ಕಳದ ಗೆಳೆಯರು ಹೇಳಬಲ್ಲರು. ಅವರ ಮನೆಗಳಿಂದ ದುಬೈಗೆ ದುಡಿಯಲು ಹೋದವರು ಬಹಳ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಕರೆಗೆ ತಡೆ. ಅನುಮತಿ ಪಡೆದ ಕೆಲವೇ ಆಪುಗಳ ಮೂಲಕ ಮಾತನಾಡಬೇಕು. ಸೌದಿ ಅರೇಬಿಯಾ ಇಂಥ ತಡೆಯನ್ನು 2017ರಲ್ಲಿ ತೆಗೆಯಿತು. ಸಮುದ್ರದಾಚೆ ದುಡಿಯುವವರು ಮನೆಯವರ ದನಿ ಕೇಳುವುದಕ್ಕೆ ಪರವಾನಗಿಯ ದಾರಿ ಹುಡುಕಬೇಕಾಗುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಪುಕ್ಕಟೆ ಕರೆ ಮೋಸಗಾರರಿಗೂ ಪುಕ್ಕಟೆಯೇ. ಖಾಕಿ ತೊಟ್ಟವರು ವಿಡಿಯೋ ಕರೆಯಲ್ಲಿ ಬಂದು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಹಿರಿಯರ ಉಳಿತಾಯವನ್ನು ದೋಚಿದ ಸುದ್ದಿಗಳು ನಿತ್ಯ ಬರುತ್ತಿವೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಪೆಟ್ಟಿಗೆಯ ಕೆಳಗೆ ಗೋಡೆಯ ಮೇಲೆ ದಪ್ಪಕ್ಷರದಲ್ಲಿ 1930 ಎಂಬ ಸೈಬರ್ ಸಹಾಯವಾಣಿಯ ನಂಬರನ್ನು ಬರೆದು ಅಂಟಿಸಿದ್ದೇನೆ. ಹೆಸರು ಕಾಣದ ಕರೆ ಬಂದರೆ ಆಯಿ ಎತ್ತುವುದಿಲ್ಲ, ಮೊದಲು ನನಗೆ ಹೇಳುತ್ತಾಳೆ.

ಈ ವರ್ಷ ಮಳೆ ಹಿಡಿದ ಮೇಲೆ ಆಯಿ ಒಂದು ಹೊಸ ಕ್ರಮ ಶುರು ಮಾಡಿದ್ದಾಳೆ. ಕರೆಯಲ್ಲಿ ಮಳೆ ಅಳಿಸಿಹೋದರೂ ವಿಡಿಯೋ ಮಾಡಿ ಕಳಿಸಿದರೆ ಅದರಲ್ಲಿ ಸದ್ದು ಉಳಿಯುತ್ತದೆ ಎಂದು ನೆರೆಮನೆಯ ಮಾಣಿ ತೋರಿಸಿಕೊಟ್ಟಿದ್ದಾನೆ. ಸಂಜೆ ಏಳಕ್ಕೆ, ಸ್ವೀಡನ್ನಿನಲ್ಲಿ ಮಧ್ಯಾಹ್ನ ಮೂರೂವರೆ ಆಗಿರುವಾಗ, ಅವಳು ಜಗಲಿಯ ಕಟ್ಟೆಯ ಮೇಲೆ ನಿಂತು ಅಂಗಳದ ಕಡೆಗೆ ಒಂದು ನಿಮಿಷ ಮೊಬೈಲ್ ಹಿಡಿಯುತ್ತಾಳೆ. ಚಿತ್ರದಲ್ಲಿ ಕತ್ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದನ್ನು ಕಳಿಸಿ, ಕವಳದ ಬಟ್ಟಲು ಹತ್ತಿರಕ್ಕೆ ಎಳೆದುಕೊಂಡು, ಪೆಟ್ಟಿಗೆಯ ದೀಪ ಹಸಿರಿದೆಯೇ ಎಂದು ನೋಡಿಕೊಂಡು ಕಾಯುತ್ತಾಳೆ. ಅಲ್ಲಿ ತಂಗಿ ಕಚೇರಿಯ ಕಿಟಕಿಯ ಬಳಿ ನಿಂತು ಆ ಒಂದು ನಿಮಿಷವನ್ನು ಪೂರ್ತಿ ಕೇಳಿದ ಮೇಲೆಯೇ ಮನೆಗೆ ಕರೆ ಮಾಡುತ್ತಾಳೆ.